ಅಚ್ಚು ಹಾಕಿದವನ ಪಾಲೆಷ್ಟು?

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಬ್ರಿಟಾನಿಕಾ ವಿಶ್ವಕೋಶದ ಲೇಖನದಲ್ಲಿ ಮುದ್ರಕ ಕಾಲಿನ್ ಮ್ಯಾಕ್‌ಫರ್ಕರ್‌ನನ್ನು ಬಹಳ ಹೊಗಳಿದ್ದೀರಿ. ತಲೆ ಓಡಿಸಿದವನು ಸಂಪಾದಕ ವಿಲಿಯಂ ಸ್ಮೆಲ್ಲಿ. ಲಾಭಕ್ಕೆ ಅಚ್ಚು ಹಾಕಿದ ವ್ಯಾಪಾರಿಗೆ ಇಷ್ಟು ಮರ್ಯಾದೆ ಯಾಕೆ? ಆ ಪುಸ್ತಕ ಈಗ ನೋಡಲು ಸಿಗುತ್ತದೆಯೇ?’

ಮೇಷ್ಟ್ರೇ, ಸ್ಮೆಲ್ಲಿ ಬುದ್ಧಿವಂತ, ಅದರಲ್ಲಿ ತಕರಾರಿಲ್ಲ. ಆದರೆ ಆತ ಬಂದದ್ದು 200 ಪೌಂಡ್ ಕೂಲಿಗೆ. ಬೇರೆಯವರ ಪುಸ್ತಕಗಳಿಂದ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟೆ ಅಂತ ಆಮೇಲೆ ತಾನೇ ತಮಾಷೆ ಮಾಡುತ್ತಿದ್ದನಂತೆ. ಇಂಥದೊಂದು ಪುಸ್ತಕ ಬೇಕು ಅಂತ ಹೊರಟವರು ಎಡಿನ್‌ಬರೋದ ಇಬ್ಬರು ಕಸುಬುದಾರರು. ಮ್ಯಾಕ್‌ಫರ್ಕರ್ ವಿಗ್ ಮಾಡುವವನ ಮಗ. ಜೊತೆಗಾರ ಆಂಡ್ರ್ಯೂ ಬೆಲ್ ಶುರುವಿನಲ್ಲಿ ನಾಯಿಗಳ ಕೊರಳಪಟ್ಟಿಯ ಮೇಲೆ ಅಕ್ಷರ ಕೊರೆಯುತ್ತಿದ್ದವನು. ಅವನೇ ಈ ಪುಸ್ತಕಕ್ಕೆ 160 ತಾಮ್ರದ ತಗಡುಗಳಲ್ಲಿ ಚಿತ್ರ ಕೊರೆದ.

ಮ್ಯಾಕ್‌ಫರ್ಕರ್‌ನ ಜಾಣತನ ಇರುವುದು ಕಂತಿನಲ್ಲಿ. 1768ರ ಡಿಸೆಂಬರ್‌ನಿಂದ 1771ರವರೆಗೆ ಪುಸ್ತಕ ಬಂದದ್ದು 100 ಬಿಡಿ ಕಂತುಗಳಲ್ಲಿ. ಸಾದಾ ಕಾಗದದ್ದಾದರೆ ಒಂದಕ್ಕೆ 6 ಪೆನ್ಸ್, ಒಳ್ಳೆ ಕಾಗದದ್ದಾದರೆ 8. ನಮ್ಮ ತುಮಕೂರಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸಿದ ಹಳಬರನ್ನು ಕೇಳಿ, ಇದರ ಲೆಕ್ಕ ಥಟ್ಟನೆ ಹೇಳುತ್ತಾರೆ. ಇಡೀ ಗ್ರಂಥಕ್ಕೆ ಆಗುವಷ್ಟು ಮೊಳೆ ಯಾವ ಪ್ರೆಸ್ಸಿನಲ್ಲೂ ಇರುವುದಿಲ್ಲ. ಒಂದು ಫಾರಂ, ಅಂದರೆ ಒಂದೇ ಸಲಕ್ಕೆ ಅಚ್ಚಾಗುವ ಪುಟಗಳ ಜೋಡಣೆ, ಅಚ್ಚಾದ ಮೇಲೆ ಅದನ್ನು ಬಿಡಿಸಿ, ಮೊಳೆಗಳನ್ನು ಮತ್ತೆ ಗೂಡಿಗೆ ಹಾಕಿದರೆ ಮಾತ್ರ ಮುಂದಿನ ಪುಟ. ಕಾಗದದ ದುಡ್ಡೂ ಹಾಗೇ. ಈ ಕಂತು ಮಾರಿದರೆ ಮುಂದಿನದಕ್ಕೆ ಕಾಗದ. ಕೊಳ್ಳುವವನಿಗೂ ಒಂದೇ ಸಲ ಕೈ ಸುಡುವುದಿಲ್ಲ. ಇದು ವ್ಯಾಪಾರವೇ, ಒಪ್ಪಿದೆ. ಆದರೆ ಇದಿಲ್ಲದಿದ್ದರೆ ಸ್ಮೆಲ್ಲಿಯ ಬರಹ ಮೇಜಿನ ಮೇಲೇ ಉಳಿಯುತ್ತಿತ್ತು, ಅಲ್ವಾ?

ಈ ಪದ್ಧತಿಯ ಎಡವಟ್ಟೂ ಪುಸ್ತಕದಲ್ಲಿ ಕಾಣುತ್ತದೆ. ಮೊದಲ ಸಂಪುಟ ಪೂರ್ತಿ ‘ಎ’ ಮತ್ತು ‘ಬಿ’ ಅಕ್ಷರಗಳೇ. ‘ಎಂ’ನಿಂದ ‘ಜೆಡ್’ವರೆಗಿನ ಅಷ್ಟೂ ಅಕ್ಷರಗಳನ್ನು ಮೂರನೆಯದರಲ್ಲಿ ತುರುಕಿದ್ದಾರೆ. ಮೊದಲ ಪಂಕ್ತಿಗೆ ಧಾರಾಳವಾಗಿ ಬಡಿಸಿ, ಕೊನೆಯ ಪಂಕ್ತಿಗೆ ಸಾರು ತೆಳ್ಳಗೆ ಮಾಡಿದ ಹಾಗೆ.

ಎರಡನೇ ಆವೃತ್ತಿಗೆ ಸ್ಮೆಲ್ಲಿ ಬರಲಿಲ್ಲ. ಜೇಮ್ಸ್ ಟೈಟ್ಲರ್ ಎಂಬ ಬಡವ ಸಿಕ್ಕ. ಬಿಸಿಗಾಳಿಯ ಬಲೂನಿನಲ್ಲಿ ಹಾರಿದ ಆಸಾಮಿ ಇವನೇ. ಅವನ ಕಥೆ ಇನ್ನೊಮ್ಮೆ. ಮೂರು ಸಂಪುಟ ಹತ್ತಾಯಿತು. 1788ರಲ್ಲಿ ಮೂರನೇ ಆವೃತ್ತಿ ಶುರುವಾದಾಗ ಸಂಪಾದಕನ ಕುರ್ಚಿಯಲ್ಲಿ ಖುದ್ದು ಮ್ಯಾಕ್‌ಫರ್ಕರ್ ಕೂತ. ನೀವು ‘ವ್ಯಾಪಾರಿ’ ಅಂದವನೇ! 18 ಸಂಪುಟಗಳ ಆ ಕೆಲಸದ ಮಧ್ಯೆ, 1793ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. ಉಳಿದದ್ದನ್ನು ಜಾರ್ಜ್ ಗ್ಲೆಗ್ ಮುಗಿಸಿಕೊಟ್ಟ. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಅದನ್ನು ನೋಡಲು ಆತ ಇರಲಿಲ್ಲ.

ನಮ್ಮಲ್ಲೂ ಸುಮ್ನೆ ಯೋಚಿಸಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗೆ ಕಿಟ್ಟೆಲ್ ಹೆಸರು ಹೇಳುತ್ತೇವೆ, ಸರಿಯೇ. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಮೊಳೆ ಬೆರೆಸಿ ಜೋಡಿಸಿದ ಬಾಸೆಲ್ ಮಿಷನ್ ಪ್ರೆಸ್ಸಿನವರ ಹೆಸರು ಯಾರಿಗೆ ನೆನಪಿದೆ?

ಇನ್ನು ಪುಸ್ತಕ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮೊದಲ ಎಂಟು ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಮೊಬೈಲಿನಲ್ಲಿ ಕಣ್ಣಿಗೆ ಜಾಸ್ತಿ ತ್ರಾಸ, ಕಂಪ್ಯೂಟರಿನಲ್ಲಿ ನೋಡಿ. ಹಳೇ ಅಚ್ಚಿನಲ್ಲಿ ‘ಎಸ್’ ಅಕ್ಷರ ಎಷ್ಟೋ ಕಡೆ ‘ಎಫ್’ ಥರ ಕಾಣುತ್ತದೆ, ಅದೊಂದು ಗಮನದಲ್ಲಿರಲಿ.