‘ಸೀನಿಯರ್’ ಎಡಿಟರ್‌ಗೆ ‘ಅಸಿಸ್ಟೆಂಟ್’ ಕೆಲಸ ಒಪ್ಪಿಕೊಳ್ಳಿ ಅಂದಿದ್ದೇಕೆ?

ವಿಡಿಯೋ ಎಡಿಟಿಂಗ್ ಕಲಿತ ಹುಡುಗ ಹುಡುಗಿಯರು ಈಚೆಗೆ ಕೆಲಸದ ಬಗ್ಗೆ ಸಲಹೆ ಕೇಳಿಕೊಂಡು ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಸಾಫ್ಟ್‌ವೇರ್ ಚೆನ್ನಾಗಿಯೇ ಗೊತ್ತಿರುತ್ತದೆ. ಕೆಲಸಕ್ಕೆ ಕರೆದ ಜಾಹೀರಾತು ಓದುವಾಗ ಮಾತ್ರ ತಲೆ ಕೆಡುತ್ತದೆ. ಅಸಿಸ್ಟೆಂಟ್ ಎಡಿಟರ್, ಅಸೋಸಿಯೇಟ್ ಎಡಿಟರ್, ಸ್ಪಾಟ್ ಎಡಿಟರ್, ಆನ್‌ಲೈನ್ ಎಡಿಟರ್, ಪ್ರೋಮೋ ಪ್ರೊಡ್ಯೂಸರ್. ಯಾವುದು ಮೇಲೆ, ಯಾವುದು ಕೆಳಗೆ, ತಮಗೆ ಹೊಂದುವುದು ಯಾವುದು ಅಂತ ತಿಳಿಯುವುದಿಲ್ಲ. ಅಂಥವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಕಿರಣ್ ಅಂತಿಟ್ಟುಕೊಳ್ಳಿ. ವಯಸ್ಸು 27. ಊರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದವರು ಬೆಂಗಳೂರಿಗೆ ಬಂದು, ಸಣ್ಣ ಕಂಪನಿಯೊಂದರಲ್ಲಿ ರೀಲ್ಸ್ ಮಾಡಿಕೊಂಡಿದ್ದರು. ವಿಸಿಟಿಂಗ್ ಕಾರ್ಡಿನಲ್ಲಿ ‘ಸೀನಿಯರ್ ವಿಡಿಯೋ ಎಡಿಟರ್’ ಅಂತಿತ್ತು. ಸಿನಿಮಾ, ವೆಬ್ ಸೀರೀಸ್ ಕೆಲಸ ಮಾಡುವ ಸ್ಟುಡಿಯೋದವರು ಇವರನ್ನು ಮೆಚ್ಚಿಕೊಂಡು ‘ಅಸಿಸ್ಟೆಂಟ್ ಎಡಿಟರ್’ ಆಗಿ ಬನ್ನಿ ಅಂದರು. ಸಂಬಳ ಹೆಚ್ಚುಕಡಿಮೆ ಅಷ್ಟೇ. ಆದರೂ ಇವರಿಗೆ ಅವಮಾನ, ರಾತ್ರಿ ನಿದ್ದೆ ಇಲ್ಲ. “ಅಪ್ಪ ಊರಿಗೆಲ್ಲ ನನ್ನ ಮಗ ಸೀನಿಯರ್ ಅಂತ ಹೇಳ್ಕೊಂಡು ಬಂದಿದ್ದಾರೆ ಮೇಡಂ. ಈಗ ಅಸಿಸ್ಟೆಂಟ್ ಅಂತ ಹೇಗೆ ಹೇಳಲಿ?”

ಮೊದಲ ಭೇಟಿಯಲ್ಲಿ ಬರೀ ಕೇಳಿಸಿಕೊಂಡೆ. ಎರಡನೇ ಸಲ ಬಂದಾಗ ಒಂದು ಹಾಳೆ ಕೊಟ್ಟು, ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತೀರಿ ಬರೆಯಿರಿ ಅಂದೆ. ಶೂಟ್ ಮಾಡುವುದು, ಕಟ್ ಮಾಡುವುದು, ಸಬ್‌ಟೈಟಲ್ ಹಾಕುವುದು, ಥಂಬ್‌ನೇಲ್, ಇನ್‌ಸ್ಟಾಗ್ರಾಂಗೆ ಅಪ್‌ಲೋಡ್, ಮಧ್ಯೆ ಕ್ಲೈಂಟ್ ಫೋನ್. ಹಾಳೆ ತುಂಬಿತು. ಸ್ಟುಡಿಯೋದವರು ಹೇಳಿದ ಕೆಲಸವನ್ನು ಹಿಂದಿನ ಪುಟದಲ್ಲಿ ಬರೆಸಿದೆ. ಕ್ಯಾಮೆರಾ ಕಾರ್ಡಿನ ಡೇಟಾ ಬ್ಯಾಕಪ್ ತೆಗೆಯುವುದು. ಎಡಿಟಿಂಗಿಗೆ ಹಗುರವಾದ ಪ್ರಾಕ್ಸಿ ಫೈಲ್ ಮಾಡುವುದು. ಬೇರೆಯಾಗಿ ರೆಕಾರ್ಡ್ ಆದ ಸೌಂಡನ್ನು ಕ್ಲ್ಯಾಪ್ ನೋಡಿ ದೃಶ್ಯಕ್ಕೆ ಸಿಂಕ್ ಮಾಡುವುದು. ಸೀನ್, ಶಾಟ್, ಟೇಕ್ ಪ್ರಕಾರ ಬಿನ್, ಅಂದರೆ ಕ್ಲಿಪ್‌ಗಳ ಫೋಲ್ಡರ್, ಜೋಡಿಸುವುದು. ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಕಟ್ ಇನ್ನು ಬದಲಾಗುವುದಿಲ್ಲ ಅಂತಾದ ಮೇಲೆ, ಎಡಿಟಿನ ವಿವರ ಇರುವ ಫೈಲು ಕಳಿಸುವುದು: ಸೌಂಡ್ ಸ್ಟುಡಿಯೋಗೆ ಎಎಎಫ್, ಬಣ್ಣ ತಿದ್ದುವ ಡಿಐ ವಿಭಾಗಕ್ಕೆ ಎಕ್ಸ್‌ಎಂಎಲ್.

ಕಿರಣ್ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು. “ಇದರಲ್ಲಿ ಅರ್ಧ ನಾನು ಮಾಡೇ ಇಲ್ಲ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲ ಮೇಡಂ, ನಾನು ಸೀನಿಯರ್ ಅಂದ್ರೆ ಯಾರಿಗಿಂತ ಸೀನಿಯರ್? ಆಫೀಸಲ್ಲಿ ಎಡಿಟರ್ ಅಂತ ಇರೋದೇ ನಾನೊಬ್ಬ.”

ಅಲ್ಲಿಂದ ಮಾತು ಸಲೀಸಾಯಿತು. ಫೋನಿನಲ್ಲಿ ಉಳಿಸಿಕೊಂಡಿದ್ದ ಜಾಹೀರಾತು ಒಂದೊಂದೇ ತೆಗೆದರು. ‘ಅಸೋಸಿಯೇಟ್ ಎಡಿಟರ್’ ಬೇಕು ಅಂತ ಕೇಳಿದ್ದು ಒಂದು ಪತ್ರಿಕೆಯವರು. ಅಲ್ಲಿ ಅದು ಹಿರಿಯ ಪತ್ರಕರ್ತರ ಹುದ್ದೆ. ಸಿನಿಮಾದಲ್ಲಾದರೆ ಅಸಿಸ್ಟೆಂಟ್‌ಗಿಂತ ಮೇಲೆ, ಎಡಿಟರ್‌ಗಿಂತ ಕೆಳಗೆ. ‘ಆನ್‌ಲೈನ್ ಎಡಿಟರ್’ ಅಂದರೆ ಮನೆಯಿಂದಲೇ ಕೆಲಸ ಅಂದುಕೊಂಡು ಇವರು ಅರ್ಜಿ ಹಾಕಿಬಿಟ್ಟಿದ್ದರು! ಅದಕ್ಕೂ ಇಂಟರ್‌ನೆಟ್‌ಗೂ ಸಂಬಂಧವಿಲ್ಲ. ಟೇಪ್ ಕಾಲದಲ್ಲಿ ಮೂಲ ಟೇಪು ಸವೆಯಬಾರದು, ದುಬಾರಿ ಎಡಿಟಿಂಗ್ ಕೋಣೆಯ (ಸೂಟ್) ಬಾಡಿಗೆಯೂ ಏರಬಾರದು ಅಂತ ಮೊದಲು ಕಡಿಮೆ ಗುಣಮಟ್ಟದ ಪ್ರತಿಯಲ್ಲಿ ಕಟ್ ಮಾಡುತ್ತಿದ್ದರು. ಅದು ಆಫ್‌ಲೈನ್. ಆಮೇಲೆ ಯಾವ ಶಾಟ್ ಟೇಪಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಟೈಮ್‌ಕೋಡ್ ಪಟ್ಟಿ ಹಿಡಿದು ಮೂಲ ಟೇಪಿನಿಂದ ಅಂತಿಮ ಪ್ರತಿ ಕೂಡಿಸುವುದು ಆನ್‌ಲೈನ್. 1989ರಲ್ಲಿ ಆವಿಡ್ ಅನ್ನುವ ಎಡಿಟಿಂಗ್ ವ್ಯವಸ್ಥೆ ಬಂದು, ಕೆಲಸ ಕಂಪ್ಯೂಟರಿಗೆ ಹೋದ ಮೇಲೂ ಆ ಹೆಸರುಗಳು ಉಳಿದುಕೊಂಡವು. ಈಗಲೂ ಪ್ರಾಕ್ಸಿಯಲ್ಲಿ ಕಟ್ ಮಾಡುವವರು ಒಬ್ಬರು, ಮೂಲ ಫೈಲಿಗೆ ಹೊಂದಿಸಿ ಮುಗಿಸುವವರು ಇನ್ನೊಬ್ಬರು.

ನಾನು ಕೊಟ್ಟ ಸಲಹೆ ಇಷ್ಟು. ಹೆಸರು ಪಕ್ಕಕ್ಕಿಡಿ. ಫೂಟೇಜ್ ನಿಮ್ಮ ಕೈಗೆ ಯಾರಿಂದ ಬರುತ್ತದೆ, ನಿಮ್ಮ ಕೈಯಿಂದ ಯಾರಿಗೆ ಹೋಗುತ್ತದೆ, ಕಟ್ ಬಗ್ಗೆ ಕೊನೆಯ ಮಾತು ಯಾರದು ಅಂತ ಸಂದರ್ಶನದಲ್ಲೇ ಕೇಳಿ. ಉತ್ತರ ಸರಿಯಾಗಿ ಸಿಗದಿದ್ದರೆ ಸೀನಿಯರ್ ಅಂದರೂ ಹೋಗಬೇಡಿ. ಸಿಕ್ಕರೆ ಅಸಿಸ್ಟೆಂಟ್ ಆದರೂ ಒಪ್ಪಿಕೊಳ್ಳಿ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಮುಂದಿನ ಸಂಬಳ ಹುದ್ದೆಯ ಹೆಸರಿನ ಮೇಲೆಯೇ ನಿಲ್ಲುತ್ತದೆ, ಬೆಳೆಯುವ ಹುಡುಗನನ್ನು ಕೆಳಗೆ ಇಳಿಸಿದಿರಿ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಕಂಪನಿಗಳು ಅರ್ಜಿ ಆರಿಸುವಾಗ ಮೊದಲು ಹೆಸರನ್ನೇ ನೋಡುತ್ತವೆ. ಅದಕ್ಕೇ ರೆಸ್ಯೂಮೆಯಲ್ಲಿ ಹಳೆಯ ಹುದ್ದೆಯನ್ನು ಹಾಗೇ ಬಿಟ್ಟು, ಕೆಳಗೆ ಮಾಡಿದ ಕೆಲಸವನ್ನು ಒಂದೊಂದು ಸಾಲಿನಲ್ಲಿ ಬರೆಯಲು ಹೇಳಿದೆ. ಆದರೆ ಸಂಬಳ ಏರಿಸುವ ಬದಲು ‘ಸೀನಿಯರ್’ ಅಂತ ಹೆಸರು ಕೊಟ್ಟು, ನಾಲ್ಕು ಜನರ ಕೆಲಸ ಒಬ್ಬರಿಂದ ಮಾಡಿಸುವ ಆಫೀಸುಗಳನ್ನು ನಾನು ತುಂಬ ನೋಡಿದ್ದೇನೆ. ಅಲ್ಲಿ ತಪ್ಪು ಹೇಳಿ ತಿದ್ದುವವರೇ ಇರುವುದಿಲ್ಲ. ಈ ಕಸುಬು ಕೈಗೆ ಹತ್ತುವುದು ಅನುಭವಿ ಎಡಿಟರ್ ಪಕ್ಕದಲ್ಲಿ ಕೂತು, ಅವರು ಒಂದು ಶಾಟನ್ನು ಯಾಕೆ ಹಿಡಿದರು, ಯಾಕೆ ಬಿಟ್ಟರು ಅಂತ ನೋಡಿದಾಗ. 27ರಲ್ಲಿ ಆ ಕುರ್ಚಿ ಸಿಕ್ಕಿದರೆ ಬಿಡಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಸಂಬಳ ಅರ್ಧಕ್ಕೆ ಇಳಿಯುವಂತಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ, ಮನೆ ನಡೆಯಬೇಕಲ್ವಾ?

ಕಿರಣ್ ಸ್ಟುಡಿಯೋಗೆ ಮೇಲ್ ಬರೆದು ಎರಡು ವಿಷಯ ಕೇಳಿದರು: ಟೈಟಲ್ ಕಾರ್ಡಿನಲ್ಲಿ ಹೆಸರು ಬರುತ್ತದಾ, ಎಷ್ಟು ಸಮಯದ ನಂತರ ಸೀನ್ ಕಟ್ ಮಾಡಲು ಕೊಡುತ್ತೀರಿ. ಮೊದಲನೆಯದಕ್ಕೆ ಹೌದು ಅಂದರು. ಎರಡನೆಯದಕ್ಕೆ, ಆರು ತಿಂಗಳು ಕೆಲಸ ನೋಡಿ ಹೇಳುತ್ತೇವೆ ಅಂದರು. ಸೇರಿಕೊಂಡರು. ಮನೆಯಲ್ಲಿ ಮಾತ್ರ ಇನ್ನೂ ‘ಸಿನಿಮಾ ಸ್ಟುಡಿಯೋ ಸೇರಿದೆ’ ಅಂತಷ್ಟೇ ಹೇಳಿದ್ದಾರೆ. ಉಳಿದದ್ದನ್ನು ಯಾವಾಗ ಹೇಳುತ್ತೀರಿ ಅಂತ ನಾನೂ ಒತ್ತಾಯ ಮಾಡಿಲ್ಲ.