ಸಂಪಾದಕರ ಉತ್ತರ: ಫಿಲಿಪ್ ಗ್ಲಾಸ್ ಅದನ್ನೇ ತಿರುಗಿಸ್ತಾರಾ?

ನಮಸ್ಕಾರ ಸರ್, ನಿಮ್ಮ ಪತ್ರದಲ್ಲಿ ಕೋಪ ಇದೆ, ಆದ್ರೆ ಅದು ಸಂಗೀತದ ಮೇಲಿನ ಪ್ರೀತಿಯಿಂದ ಬಂದ ಕೋಪ, ಹಾಗಾಗಿ ಎರಡು ಸಾಲಲ್ಲಿ ಮುಗಿಸೋಕೆ ಮನಸ್ಸು ಬರ್ಲಿಲ್ಲ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಕೇಳಿರೋದು ಇಷ್ಟು: ನಾಲ್ಕೈದು ಸ್ವರ ಹಿಡ್ಕೊಂಡು ಅದನ್ನೇ ತಿರುಗಿಸೋದು ಎಂಥ ಕಂಪೋಸಿಷನ್, ಅಷ್ಟು ದೊಡ್ಡ ಕಲಾವಿದ ಆಗಿದ್ರೆ 41ನೇ ವಯಸ್ಸಿನವರೆಗೂ ಟ್ಯಾಕ್ಸಿ ಯಾಕೆ ಓಡಿಸ್ಬೇಕಿತ್ತು, ಮತ್ತೆ ಅವರನ್ನ ಪಿಯಾನಿಸ್ಟ್ ಅಂತ ಯಾಕೆ ಕರೆದ್ರಿ.

ಬೇರೆ ಬರೆಯೋಕೆ ಬರ್ದೇ ಹೀಗೆ ಬರೆದ್ರು ಅನ್ನೋದನ್ನ ಮೊದ್ಲು ಬಿಟ್ಬಿಡಿ. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದಿದ್ಮೇಲೂ 1964ರಲ್ಲಿ ಪ್ಯಾರಿಸ್‌ಗೆ ಹೋಗಿ ನಾಡಿಯಾ ಬೂಲಾಂಜೆ ಅನ್ನೋ ಸಂಗೀತ ಗುರುಗಳ ಹತ್ರ ಹಾರ್ಮನಿ (ಸ್ವರಗಳನ್ನ ಒಟ್ಟಿಗೆ ಕೂಡಿಸೋದು), ಕೌಂಟರ್‌ಪಾಯಿಂಟ್ (ಬೇರೆ ಬೇರೆ ಸ್ವರಸಾಲು ಜೊತೆಗೆ ಹೆಣೆಯೋದು) ಎಲ್ಲಾ ಮತ್ತೆ ಮೊದಲಿಂದ ಕಲಿತವರು ಅವರು. ಅಲ್ಲೇ ಪಂಡಿತ್ ರವಿಶಂಕರ್ ಒಂದು ಸಿನಿಮಾಗೆ ಸಂಗೀತ ಮಾಡ್ತಿದ್ರು, ಅದನ್ನ ಫ್ರೆಂಚ್ ವಾದಕರಿಗೆ ತಿಳಿಯೋ ಹಾಗೆ ನೊಟೇಶನ್ ಬರ್ಕೊಡೋ ಕೆಲಸ ಗ್ಲಾಸ್‌ಗೆ ಸಿಕ್ತು. ಕಲಿತ ಪ್ರಕಾರ ಬಾರ್ ಲೈನ್, ಅಂದ್ರೆ ತಾಳದ ಭಾಗ ತೋರಿಸೋ ಅಡ್ಡಗೆರೆ, ಹಾಕಿ ಬರೆದ್ರೆ ಘಾತ ಬೇಡದ ಕಡೆಯೆಲ್ಲ ಬೀಳ್ತಿತ್ತು, ತಬಲಾದ ಅಲ್ಲಾ ರಖಾ ಅವರು ಎಲ್ಲಾ ಸ್ವರಾನೂ ಸಮ ಅಂತ ಮತ್ತೆ ಮತ್ತೆ ಹೇಳ್ತಿದ್ರು. ಕೊನೆಗೆ ಆ ಗೆರೆಗಳನ್ನೆಲ್ಲ ಅಳಿಸಿದಾಗ ಎರಡರ ಗುಂಪು, ಮೂರರ ಗುಂಪು ಸೇರ್ತಾ ಸೇರ್ತಾ ಆವರ್ತ ತುಂಬೋದು ಅವರ ಕಣ್ಣಿಗೆ ಬಿತ್ತು.

ಅದಾದ್ಮೇಲೆ 1968ರಲ್ಲಿ ಬರೆದ 'ಟೂ ಪೇಜಸ್' ತಗೊಳ್ಳಿ. ಐದು ಸ್ವರದ ಒಂದು ತುಂಡು, ಅದನ್ನ ಕೆಲವು ಸಲ ನುಡಿಸಿ ಆಮೇಲೆ ಅದರ ಬಾಲಕ್ಕೆ ಮೊದಲ ನಾಲ್ಕು ಸ್ವರ ಸೇರ್ಸ್ತಾರೆ, ಆಮೇಲೆ ಮೂರು, ಆಮೇಲೆ ಎರಡು. ಐದು ಇದ್ದಿದ್ದು ಒಂಬತ್ತು, ಹನ್ನೆರಡು, ಹದಿನಾಲ್ಕು ಆಗುತ್ತೆ. ನಮ್ಮ ಕಛೇರಿಲಿ ಮೃದಂಗದವರು ಒಬ್ಬರೇ ನುಡಿಸೋ ತನಿ ಆವರ್ತನ ಕೂತು ಕೇಳಿದವರಿಗೆ ಇದರಲ್ಲಿ ಗೋಪುಚ್ಛ ಯತಿ, ಅಂದ್ರೆ ಹಸುವಿನ ಬಾಲದ ಹಾಗೆ ಸಣ್ಣದಾಗ್ತಾ ಹೋಗೋ ಲೆಕ್ಕ, ಕಾಣದೇ ಇರಲ್ಲ! ಸ್ವರ ಬದಲಾಗ್ಲಿಲ್ಲ ಅಂತ ನೀವು ಕಾಯ್ತಾ ಕೂತಾಗ ಲೆಕ್ಕ ಬದಲಾಗಿ ಹೋಗಿರುತ್ತೆ ಸರ್, ಕಿವಿ ಅಲ್ಲಿಡ್ಬೇಕು.

ಟ್ಯಾಕ್ಸಿ ವಿಷ್ಯ ನಿಜ, ಪ್ಲಂಬಿಂಗ್ ಕೂಡ ಮಾಡಿದಾರೆ. ಟೈಮ್ ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್ ಮನೇಲಿ ಡಿಶ್‌ವಾಷರ್ ಕೂರಿಸ್ತಿದ್ದವರು ಇವರೇ ಅಂತ ನೋಡಿ ಹ್ಯೂಸ್‌ಗೆ ನಂಬೋಕಾಗ್ಲಿಲ್ಲವಂತೆ. ಆದ್ರೆ ಇದನ್ನ ಸೋಲು ಅಂತ ನಾನು ಖಂಡಿತ ಒಪ್ಪಲ್ಲ. 1968ರಲ್ಲೇ ಸ್ವಂತ ತಂಡ ಕಟ್ಕೊಂಡು, ತಮ್ಮ ಸ್ಕೋರನ್ನ (ಬರೆದಿಟ್ಟ ಸಂಗೀತ) ಬೇರೆಯವರಿಗೆ ಕೊಡದೆ, ಈ ಸಂಗೀತ ಬೇಕು ಅಂದ್ರೆ ನಮ್ಮನ್ನೇ ಕರೀಬೇಕು ಅನ್ನೋ ಹಾಗೆ ಇಟ್ಕೊಂಡ್ರು, ಹಾಗಿರೋಕೆ ದುಡ್ಡು ಬೇರೆ ಕಡೆಯಿಂದ ಬರ್ಲೇಬೇಕಲ್ಲ. 1976ರಲ್ಲಿ 'ಐನ್‌ಸ್ಟೈನ್ ಆನ್ ದ ಬೀಚ್' ಅನ್ನೋ ಅವರ ಒಪೆರಾ (ಸಂಗೀತ ನಾಟಕ) ಫ್ರಾನ್ಸಿನ ಅವಿನ್ಯೋಂನಲ್ಲಿ ಶುರುವಾಗಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ರಂಗಮಂದಿರಕ್ಕೆ ಬಂತು, ಟಿಕೆಟ್ ಪೂರ್ತಿ ಖಾಲಿ, ಆದ್ರೂ ಮೈಮೇಲೆ ಸಾಲ, ವಾಪಸ್ ಸ್ಟೀರಿಂಗ್ ಹಿಡಿದ್ರು. ಮುಂದಿನ ಒಪೆರಾಗೆ ನೆದರ್ಲೆಂಡ್ಸಿಂದ ಕರೆ ಬಂದ್ಮೇಲೇ ಅದು ಬಿಟ್ಟಿದ್ದು. ಆ ಒಪೆರಾನೇ 1980ರ 'ಸತ್ಯಾಗ್ರಹ', ದಕ್ಷಿಣ ಆಫ್ರಿಕಾದ ಗಾಂಧಿ, ಹಾಡೋದೆಲ್ಲ ಸಂಸ್ಕೃತದಲ್ಲಿ, ಭಗವದ್ಗೀತೆಯ ಶ್ಲೋಕ. ಕೊನೇ ದೃಶ್ಯದಲ್ಲಿ ಗಾಂಧಿ ಪಾತ್ರಧಾರಿ ಒಂದೇ ಆರೋಹಣವನ್ನ ಮತ್ತೆ ಮತ್ತೆ ಹಾಡ್ತಾನೆ, ಪ್ರತಿ ಸಲ ಕೆಳಗಿಂದ ಹತ್ತಬೇಕು. ಅದನ್ನ ಒಂದೇ ಸಲ ಹಾಡಿ ಬಿಟ್ಟಿದ್ರೆ ಅದು ಬರೀ ಸ್ಕೇಲ್ ಆಗಿರ್ತಿತ್ತು ಅಷ್ಟೇ.

ಪಿಯಾನಿಸ್ಟ್ ಪ್ರಶ್ನೆ ಸಣ್ಣದು. ಅವರಿಗಿಂತ ವೇಗವಾಗಿ ನುಡಿಸೋರು ತುಂಬಾ ಜನ ಇದಾರೆ, ಒಪ್ತೀನಿ. 1990ರ ದಶಕದಲ್ಲಿ ಪಿಯಾನೋ ಎಟ್ಯೂಡ್ (ಅಭ್ಯಾಸದ ರಚನೆ) ಬರೆಯೋಕೆ ಶುರು ಮಾಡಿದ್ದೇ ತಮ್ಮ ಬೆರಳು ಪಳಗಿಸ್ಕೊಳ್ಳೋಕೆ, ಅಷ್ಟೊತ್ತಿಗೆ ಅವರ ವಯಸ್ಸು 50 ದಾಟಿತ್ತು, 2012ಕ್ಕೆ ಒಟ್ಟು 20 ಆಯ್ತು. ಮೊದಲ ಹತ್ತನ್ನ ಅವರೇ ನುಡಿಸಿದ ರೆಕಾರ್ಡಿಂಗ್ ಇದೆ. ಅದು ಕೇಳಿ, ಆಮೇಲೆ ಐಸ್‌ಲ್ಯಾಂಡಿನ ಪಿಯಾನಿಸ್ಟ್ ವಿಕಿಂಗುರ್ ಓಲಾಫ್ಸನ್ 2017ರಲ್ಲಿ ತಂದಿದ್ದನ್ನೂ ಕೇಳಿ, ಯಾವ್ದು ಹಿಡಿಸ್ತು ಅಂತ ಬರೀರಿ, ಒಪ್ಪದೇ ಇದ್ರೂ ಹಾಕ್ತೀವಿ.

— ಸಂ.