ಒಂದು ದಿನವೂ ಬಿಡದ ಮಂಜಣ್ಣ

ಮಂಜಣ್ಣ ಎಂಬುದು ಅವರ ನಿಜವಾದ ಹೆಸರಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ‘ನನ್ನಂಥೋರು ಈ ಊರಲ್ಲಿ ಇನ್ನೂ ಇದಾರೆ ಮೇಡಂ, ಬರೀರಿ’ ಎಂದು ಅವರೇ ಹೇಳಿದರು.

ವಯಸ್ಸು 49. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಇಪ್ಪತ್ತೈದು ವರ್ಷದಿಂದ ಪವರ್‌ಲಿಫ್ಟಿಂಗ್ ಮಾಡುತ್ತಿದ್ದಾರೆ. 83 ಕೆಜಿ ತೂಕದ ವಿಭಾಗ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಈ ಆಟದಲ್ಲಿ ಮೂರು ಬಗೆಯ ಎತ್ತುವಿಕೆ ಇದೆ. ಭುಜದ ಮೇಲೆ ಭಾರ ಹೊತ್ತು ಕುಕ್ಕರುಗಾಲಲ್ಲಿ ಕೂತು ಏಳುವ ಸ್ಕ್ವಾಟ್, ಮಲಗಿ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಎತ್ತಿದ ಹೆಚ್ಚಿನ ಭಾರವನ್ನು ಕೂಡಿಸುತ್ತಾರೆ. ನಲವತ್ತು ದಾಟಿದವರಿಗೆ ಮಾಸ್ಟರ್ಸ್ ವಿಭಾಗ ಬೇರೆ ಇದೆ.

ಮನಸ್ಸಿನ ಕಷ್ಟಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಅವರನ್ನು ಕರೆತಂದವರು ಅವರ ಹೆಂಡತಿ. ‘ನಮ್ಮನೆಯವ್ರು ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೊಳ್ತಾರೆ ಮೇಡಂ. ಮಾತಾಡಿಸಿದ್ರೆ ಸಿಡುಕ್ತಾರೆ. ಮಗಳು ಪಿಯುಸಿ ಓದ್ತಿದಾಳೆ, ಅವಳ ಮೇಲೂ ರೇಗಾಡ್ತಾರೆ. ಮೊದಲು ಹೀಗಿರಲಿಲ್ಲ.’ ಮಂಜಣ್ಣ ಪಕ್ಕದಲ್ಲೇ ಕೂತಿದ್ದರು. ಬಲಗೈಯಲ್ಲಿ ನೀರಿನ ಲೋಟ ಎತ್ತುವಾಗ ಭುಜ ನೋಯುವುದು ಮುಖದಲ್ಲಿ ಕಾಣಿಸಿತು.

ಅವರ ಕಷ್ಟ ಅವರ ಮಾತಿನಲ್ಲಿ ಇಷ್ಟೇ ಇತ್ತು: ‘ಎರಡು ವರ್ಷದ ಹಿಂದೆ ಡೆಡ್‌ಲಿಫ್ಟ್ 210 ಎತ್ತುತ್ತಿದ್ದೆ. ಈಗ 185ಕ್ಕೆ ಬೆನ್ನು ನಡುಗುತ್ತೆ.’ ಭಾರ ಇಳಿಯುತ್ತಾ ಬಂದ ಹಾಗೆ ಅವರು ಅಭ್ಯಾಸ ಜಾಸ್ತಿ ಮಾಡಿದ್ದರು. ವಾರಕ್ಕೆ ನಾಲ್ಕು ದಿನ ಇದ್ದದ್ದು ಆರಾಯಿತು. ಆಮೇಲೆ ಏಳಾಯಿತು. ಹಬ್ಬ, ಮದುವೆ, ಜ್ವರ, ಯಾವುದಕ್ಕೂ ಬಿಡುವಿಲ್ಲ. ಭುಜಕ್ಕೆ ದಿನಾ ಒಂದು ನೋವಿನ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ ಬರೆದಿಡುವ ಒಳ್ಳೆ ಅಭ್ಯಾಸ ಅವರಿಗಿತ್ತು. ಹಳೇ ಪುಟಗಳಲ್ಲಿ ನಿಮಿಷಕ್ಕೆ 58 ಎಂದಿದ್ದದ್ದು ಈಚಿನ ಪುಟಗಳಲ್ಲಿ 70ರ ಸುತ್ತ ಇತ್ತು. ‘ವಯಸ್ಸಾಯ್ತಲ್ಲ’ ಎಂದರು.

ನಾನು ತರಬೇತುದಾರಳಲ್ಲ, ವೈದ್ಯೆಯೂ ಅಲ್ಲ. ಹಾಗಾಗಿ ಮೊದಲ ದಿನ ಮಾಡಿದ ಕೆಲಸ ಒಂದೇ. ಬಿಪಿ, ಸಕ್ಕರೆ, ಇಸಿಜಿ, ಕಿಡ್ನಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಭುಜವನ್ನು ಮೂಳೆ ವೈದ್ಯರಿಗೆ ತೋರಿಸಿ ಎಂದೆ. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು ಬೀಳಬಹುದು, ಬಿಪಿಯೂ ಏರಬಹುದು. ನಡುವಯಸ್ಸಿನಲ್ಲಿ ಭಾರ ಎತ್ತುವವರು, ಓಡುವವರು ಯಾರೇ ನನ್ನ ಹತ್ತಿರ ಬಂದರೂ ಮನಸ್ಸಿನ ಮಾತಿಗೆ ಮುಂಚೆ ಈ ಚೀಟಿ ಬರೆದುಕೊಡುತ್ತೇನೆ. ಎಲ್ಲಾ ದಣಿವಿಗೂ ಮನಸ್ಸನ್ನೇ ಕಾರಣ ಮಾಡುವುದು ಸರಿಯಲ್ಲ. ಅದೃಷ್ಟಕ್ಕೆ ಮಂಜಣ್ಣನವರ ಕಿಡ್ನಿ, ಹೃದಯ ಚೆನ್ನಾಗಿದ್ದವು. ಬಿಪಿ ಸ್ವಲ್ಪ ಮೇಲಿತ್ತು. ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಸವೆದಿತ್ತು.

ಎರಡನೇ ಭೇಟಿಯಲ್ಲಿ ವರದಿ ಮುಂದಿಟ್ಟುಕೊಂಡು ಮಾತಾಡಿದೆವು. ವಯಸ್ಸು ಏನೂ ಮಾಡುವುದಿಲ್ಲ ಎಂದು ನಾನು ಹೇಳಲಿಲ್ಲ, ಅದು ಸುಳ್ಳು. ಮೂವತ್ತರ ಆಚೆಗೆ ಸ್ನಾಯು ನಿಧಾನವಾಗಿ ಕರಗುತ್ತದೆ, ಏನೂ ಮಾಡದವರಲ್ಲಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು. ಚುರುಕಾಗಿ, ಜೋರಾಗಿ ಕೆಲಸ ಮಾಡುವ ಎಳೆಗಳು ಮೊದಲು ಸೊರಗುತ್ತವೆ. ಆದರೆ ಭಾರ ಎತ್ತುವುದನ್ನು ಬಿಡದವರಲ್ಲಿ ಈ ಇಳಿತ ತುಂಬಾ ನಿಧಾನ. 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಅಜ್ಜ ಅಜ್ಜಿಯರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ದರು. ಅವರ ಕಾಲಿನ ಶಕ್ತಿ ಎರಡರಷ್ಟಕ್ಕೂ ಹೆಚ್ಚಾಯಿತು. ಆ ವಯಸ್ಸಿನಲ್ಲಿಯೂ ಸ್ನಾಯು ಮಾತು ಕೇಳುತ್ತದೆ ಎಂದಾದರೆ 49ರಲ್ಲಿ ಕೇಳದೇ ಇರುತ್ತದೆಯೇ?

ನಡುವಯಸ್ಸಿನಲ್ಲಿ ನಿಜವಾಗಿ ಬದಲಾಗುವುದು ಬೇರೆ. ದಣಿದ ಮೈ ಮತ್ತೆ ಸರಿಹೋಗಲು ಜಾಸ್ತಿ ದಿನ ಕೇಳುತ್ತದೆ. ಇಪ್ಪತ್ತೈದರಲ್ಲಿ ಬೇಗನೆ ಆಗುತ್ತಿದ್ದ ರಿಪೇರಿ ಈಗ ನಿಧಾನ. ಮಾಂಸಖಂಡಕ್ಕಿಂತ ಸ್ನಾಯುರಜ್ಜು ಇನ್ನೂ ನಿಧಾನ. ಮಂಜಣ್ಣ ಭಾರ ಎತ್ತುವುದು ಹೆಚ್ಚಾಗಿತ್ತು ಅನ್ನುವುದಕ್ಕಿಂತ, ರಿಪೇರಿ ಆಗಲು ಮೈಗೆ ಸಮಯವನ್ನೇ ಕೊಡುತ್ತಿರಲಿಲ್ಲ. ಏರಿದ ನಾಡಿ, ಕೆಟ್ಟ ನಿದ್ದೆ, ಸಿಡುಕು, ಇಳಿಯುತ್ತಿರುವ ಭಾರ, ನಾಲ್ಕೂ ಸೇರಿ ಹೇಳುತ್ತಿದ್ದದ್ದು ಅದನ್ನೇ.

‘ಹಾಗಾದ್ರೆ ವಾರಕ್ಕೆ ಮೂರು ದಿನ ಮಾತ್ರ ಎತ್ತಿ, ನೋಡೋಣ’ ಎಂದೆ.

‘ಆಗಲ್ಲ ಮೇಡಂ’ ಎಂದರು. ಯೋಚನೆಯೇ ಮಾಡಲಿಲ್ಲ.

ಆ ‘ಆಗಲ್ಲ’ದ ಹಿಂದೆ ಏನಿದೆ ಎಂದು ತಿಳಿಯಲು ಇನ್ನೆರಡು ಭೇಟಿ ಬೇಕಾದವು. ಅವರು ಅದನ್ನು ಹೇಳಿದ್ದು ಬೇರೇನೋ ಮಾತಿನ ನಡುವೆ. ಜಿಮ್‌ನಲ್ಲಿ ಹುಡುಗರು ಇಷ್ಟು ದಿನ ‘ಅಣ್ಣಾ’ ಎನ್ನುತ್ತಿದ್ದವರು ಈಗ ‘ಅಂಕಲ್’ ಅನ್ನುತ್ತಾರೆ ಎಂದು ಹೇಳುತ್ತಾ, ‘ನಮ್ಮಪ್ಪನ್ನ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಪೈಲ್ವಾನ್ರೇ ಅಂತಿದ್ರು’ ಎಂದರು.

ಅಪ್ಪ ಇಲ್ಲಿಯ ಹತ್ತಿ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಬೆಳಗಿನ ಜಾವ ಗರಡಿ ಮನೆ, ಆಮೇಲೆ ಪಾಳಿ. ದಂಡ, ಬಸ್ಕಿ, ಗದೆ, ಕೆಮ್ಮಣ್ಣು. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಅಖಾಡಕ್ಕೆ ಇಳಿದರೆ ಕೇಕೆ ಬೀಳುತ್ತಿತ್ತಂತೆ. ದಾವಣಗೆರೆಯಲ್ಲಿ ಮಿಲ್ಲು, ಗರಡಿ ಎರಡೂ ಒಂದೇ ಮೈಯಲ್ಲಿ ಬಾಳಿದ ಆ ತಲೆಮಾರಿನ ಮಕ್ಕಳನ್ನು ನಾನು ಆಗಾಗ ನೋಡುತ್ತೇನೆ. ಅಪ್ಪನ ಮೈಕಟ್ಟಿನ ಬಗ್ಗೆ ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಮಿಲ್ ಮುಚ್ಚಿತು. ಅಪ್ಪನಿಗೆ ಆಗ 44.

‘ಒಂದಿನ ಗರಡಿಗೆ ಹೋಗ್ಲಿಲ್ಲ. ಆಮೇಲೆ ಹೋಗಲೇ ಇಲ್ಲ’ ಎಂದರು ಮಂಜಣ್ಣ. ಬಹಳ ಹೊತ್ತು ಸುಮ್ಮನಿದ್ದರು. ಮನೆ ಮುಂದಿನ ಕಟ್ಟೆ ಮೇಲೆ ಕೂತ ಅಪ್ಪ, ಊಟ ಮಾತ್ರ ಪೈಲ್ವಾನನದೇ: ಹಾಲು, ತುಪ್ಪ, ಬೆಲ್ಲ. ಕಸರತ್ತಿಲ್ಲ. ಕೆಲವೇ ವರ್ಷದಲ್ಲಿ ಸಕ್ಕರೆ ಕಾಯಿಲೆ, ಆಮೇಲೆ ಕಾಲಿನ ಗಾಯ. 58ಕ್ಕೆ ತೀರಿಕೊಂಡರು. ಬೆಳೆಯುತ್ತಿದ್ದ ಹುಡುಗ ಇದೆಲ್ಲವನ್ನೂ ದಿನದಿನವೂ ನೋಡಿದ.

ಈಗ ಅರ್ಥವಾಯಿತಲ್ವಾ? ಆ ಹುಡುಗನ ಮನಸ್ಸಿನಲ್ಲಿ ಬಿಡುವು ಎಂದರೆ ಸಾವಿನ ಕಡೆಗೆ ಇಟ್ಟ ಮೊದಲ ಹೆಜ್ಜೆ. ಭಾನುವಾರ ಮನೆಯಲ್ಲಿ ಕೂತರೆ ಅಪ್ಪನ ಕಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಇದನ್ನು ಹಟ ಎಂದೋ ವ್ಯಾಯಾಮದ ಚಟ ಎಂದೋ ಕರೆದು ಬೈದಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ.

ಅದೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಬ್ಯಾಗಿನಲ್ಲಿ ಒಂದು ಸಣ್ಣ ಬಾಟಲಿ ಇತ್ತು. ಯಾರೋ ಕೊಟ್ಟ ಇಂಜೆಕ್ಷನ್ ಮದ್ದು. ‘ವಾರಕ್ಕೊಂದು ಹಾಕ್ಕೊಳ್ಳಿ, ಹಳೇ ಶಕ್ತಿ ಬರುತ್ತೆ’ ಎಂದಿದ್ದರಂತೆ. ಇನ್ನೂ ಚುಚ್ಚಿಕೊಂಡಿರಲಿಲ್ಲ. ನಾನು ಇಲ್ಲಿ ಮಾತ್ರ ಮೆತ್ತಗೆ ಮಾತಾಡಲಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಹಾರ್ಮೋನ್ ತುಂಬಿದರೆ ಮೈ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಹೃದಯದ ಗೋಡೆ ದಪ್ಪವಾಗಬಹುದು, ಒಳ್ಳೆ ಕೊಲೆಸ್ಟ್ರಾಲ್ ಕುಸಿಯುತ್ತದೆ, ಬಿಪಿ ಏರುತ್ತದೆ. ಇಪ್ಪತ್ತರ ಹುಡುಗನಿಗೇ ಅಪಾಯ. ಬಿಪಿ ಆಗಲೇ ಮೇಲಿರುವ 49ರವರಿಗೆ ಇನ್ನೂ ಹೆಚ್ಚು. ಸ್ಪರ್ಧೆಯಲ್ಲಿ ನಿಷೇಧ ಇರುವುದು ಮಾಸ್ಟರ್ಸ್ ವಿಭಾಗಕ್ಕೂ ಸೇರಿ. ‘ಅಪ್ಪ 58ಕ್ಕೆ ಹೋದರು ಅಂತ ಹೆದರಿಕೊಂಡು, ಅದಕ್ಕಿಂತ ಹತ್ತಿರದ ದಾರಿ ಹಿಡೀತೀರಾ?’ ಎಂದು ನೇರವಾಗಿ ಕೇಳಿದೆ. ಬಾಟಲಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು.

ನಿಜಕ್ಕೂ ಶಕ್ತಿ ಕುಂದಿದೆ, ಹಾರ್ಮೋನ್ ಕಡಿಮೆ ಇರಬಹುದು ಎಂಬ ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿ ನೋಡುವ ವೈದ್ಯರಿದ್ದಾರೆ. ಜಿಮ್‌ನ ಮೂಲೆಯಲ್ಲಿ ಸಿಗುವ ಮದ್ದಿಗೆ ಕೈ ಚಾಚಬೇಡಿ. ಇದನ್ನು ಓದುತ್ತಿರುವ ಎಲ್ಲರಿಗೂ ಈ ಮಾತು.

ಇನ್ನು ಕೊಟ್ಟ ಸಲಹೆ. ಬಿಡುವು ಬೇರೆ, ಬಿಟ್ಟುಬಿಡುವುದು ಬೇರೆ ಎಂದು ಬಾಯಲ್ಲಿ ಹೇಳಿದರೆ ಅವರ ಭಯ ಹೋಗುವಂಥದ್ದಲ್ಲ. ಅವರೇ ಕಂಡುಕೊಳ್ಳಬೇಕಿತ್ತು. ಅವರ ದಿನಚರಿ ಪುಸ್ತಕದಲ್ಲೇ ಒಂದು ಪುಟ ತೆಗೆಸಿದೆ. ‘ಒಂಬತ್ತು ದಿನ ಕಬ್ಬಿಣ ಮುಟ್ಟದೇ ಇದ್ದರೆ ಡೆಡ್‌ಲಿಫ್ಟ್ ಎಷ್ಟಾಗುತ್ತೆ? ನಿಮ್ಮ ಊಹೆ ಬರೀರಿ’ ಎಂದೆ. 165 ಎಂದು ಬರೆದರು. ಎರಡು ಮೂರು ವಾರ ಬಿಟ್ಟರೂ ತರಬೇತಿ ಪಡೆದವರ ಶಕ್ತಿ ಅಷ್ಟಾಗಿ ಕುಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಆ ಒಂಬತ್ತು ದಿನ ಸುಲಭ ಇರಲಿಲ್ಲ. ಖಾಲಿ ಕೂತರೆ ಕಟ್ಟೆ ನೆನಪಾಗುತ್ತದೆ, ಆದ್ದರಿಂದ ಬಿಡುವಿನ ದಿನಕ್ಕೂ ಒಂದು ಕೆಲಸ ಬೇಕಿತ್ತು. ಜಿಮ್‌ಗೆ ಹೋಗುವ ಹೊತ್ತಿಗೇ ಎದ್ದು ಕುಂದವಾಡ ಕೆರೆಯ ಏರಿ ಮೇಲೆ ಹೆಂಡತಿಯ ಜೊತೆ ನಡೆಯಬೇಕು. ಬಂದ ಮೇಲೆ ಪುಸ್ತಕದಲ್ಲಿ ‘ವಿಶ್ರಾಂತಿ: ಮಾಡಿದೆ’ ಎಂದು ಭಾರ ಎತ್ತಿದ ದಿನದ ಹಾಗೇ ತಾರೀಕು ಹಾಕಿ ಬರೆಯಬೇಕು. ನಿದ್ದೆ ಎಷ್ಟು ಗಂಟೆ ಅದನ್ನೂ. ನಾಲ್ಕನೇ ದಿನ ಫೋನ್ ಮಾಡಿ ಹತ್ತು ನಿಮಿಷ ಕೂಗಾಡಿದರು. ಆರನೇ ದಿನ ಬೆಳಿಗ್ಗೆ ಐದೂವರೆವರೆಗೆ ಎಚ್ಚರವಿಲ್ಲದೆ ಮಲಗಿದರು. ಹೆಂಡತಿ ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದರಂತೆ.

ಹತ್ತನೇ ದಿನ 185 ನಡುಗದೆ ಎದ್ದಿತು. ನಾಡಿ 62.

ಅಲ್ಲಿಂದ ಮುಂದಿನದನ್ನು ಅವರ ಕೋಚ್ ಮತ್ತು ಫಿಸಿಯೋಥೆರಪಿಸ್ಟ್ ಸೇರಿ ಮಾಡಿದರು. ವಾರಕ್ಕೆ ಮೂರು ದಿನ ಭಾರ. ತುಂಬಾ ಭಾರದ ಡೆಡ್‌ಲಿಫ್ಟ್ ಹತ್ತು ದಿನಕ್ಕೊಮ್ಮೆ ಮಾತ್ರ. ಪ್ರತಿ ಸಲವೂ ಇನ್ನೆರಡು ಬಾರಿ ಎತ್ತಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಬೇಕು. ನಾಲ್ಕನೇ ವಾರ ಪೂರ್ತಿ ಹಗುರ. ಮೊದಲು ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಮೈ ಬಿಸಿ ಮಾಡುವ ಕಸರತ್ತಿಗೆ ಈಗ ಇಪ್ಪತ್ತು ನಿಮಿಷ. ಬೆಳಿಗ್ಗೆ ನಾಡಿ ಎಂದಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಅಂದು ಭಾರ ಇಳಿಸಬೇಕು.

ಊಟದಲ್ಲಿ ಬದಲಾದದ್ದು ಹಂಚಿಕೆ. ಬೆಳಿಗ್ಗೆ ಮಂಡಕ್ಕಿ ಮಿರ್ಚಿ, ಮಧ್ಯಾಹ್ನ ಅಂಗಡಿಯಲ್ಲಿ ಏನೋ ಒಂದು, ರಾತ್ರಿ ಒಂದೇ ಸಲ ಆರು ಮೊಟ್ಟೆ, ಇದು ಅವರ ಪದ್ಧತಿ ಆಗಿತ್ತು. ಕಸರತ್ತು ಮಾಡುವ ನಡುವಯಸ್ಸಿನವರಿಗೆ ಮೈತೂಕದ ಒಂದೊಂದು ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಎಂದು ಹಿಡಿದರೆ, 83 ಕೆಜಿಗೆ ದಿನಕ್ಕೆ 130 ಗ್ರಾಂ ಆಗುತ್ತದೆ. ಕಿಡ್ನಿ ಸರಿಯಿದ್ದುದರಿಂದ ಇದಕ್ಕೆ ವೈದ್ಯರೂ ಒಪ್ಪಿದರು. ಅದನ್ನು ನಾಲ್ಕು ಹೊತ್ತಿಗೆ ಹಂಚಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಮೊಳಕೆ ಹೆಸರುಕಾಳು, ಶೇಂಗಾ, ಮೊಸರು, ಪನೀರ್, ಕೋಳಿ, ರೊಟ್ಟಿ ಜೊತೆ ಗಟ್ಟಿ ಬೇಳೆ, ಮನೆಯಲ್ಲಿ ಇರುವುದರಲ್ಲೇ ಆಯಿತು. ಬೆಣ್ಣೆದೋಸೆ ಬಿಡಿಸಲಿಲ್ಲ. ದಾವಣಗೆರೆಯವರಿಗೆ ಅದನ್ನು ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ, ತಿಂಗಳಿಗೆರಡು ಸಲ ತಿಂದರೆ ಏನೂ ಆಗುವುದಿಲ್ಲ.

ಒಮ್ಮೆ ಅವರು, ‘ಸ್ಪರ್ಧೆ ಅನ್ನೋದನ್ನೇ ಬಿಟ್ಟು ಆರೋಗ್ಯಕ್ಕೆ ಅಂತ ಮಾಡಿದ್ರೆ ಸಾಕು ಅಂತೀರಾ?’ ಎಂದು ಕೇಳಿದರು. ಇಲ್ಲ ಎಂದೆ. ಗೆಲ್ಲಬೇಕೆಂಬ ಆಸೆಗೆ ವಯಸ್ಸಿನ ಮಿತಿ ಹಾಕುವ ಹಕ್ಕು ನನಗಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಮೊಣಕಾಲು ಸವೆದು ನೋಯುತ್ತಿದ್ದಾಗ ಅಯ್ಯಂಗಾರ್ ಯೋಗ ಕೈ ಹಿಡಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪೈಲ್ವಾನರ ಮಗನಿಗೆ ಇನ್ನೂ ಹತ್ತಿರದ ಉದಾಹರಣೆ ಕ್ಯೂಬಾದ ಕುಸ್ತಿಪಟು ಮಿಹೈನ್ ಲೋಪೆಜ್. ಟೋಕಿಯೋದಲ್ಲಿ ನಾಲ್ಕನೇ ಒಲಿಂಪಿಕ್ ಚಿನ್ನ ಗೆದ್ದ ಮೇಲೆ ಅವರು ಹೆಚ್ಚುಕಡಿಮೆ ಅಖಾಡದಿಂದ ದೂರವೇ ಇದ್ದರು. 2024ರಲ್ಲಿ ಪ್ಯಾರಿಸ್‌ಗೆ ಬಂದು, 41ನೇ ವಯಸ್ಸಿನಲ್ಲಿ ಐದನೆಯ ಚಿನ್ನ ಗೆದ್ದರು. ಆಮೇಲೆ ಬೂಟು ಬಿಚ್ಚಿ ಅಖಾಡದ ನಡುವೆ ಇಟ್ಟು ಹೊರಬಂದರು. ಇದನ್ನು ಹೇಳಿದಾಗ ಮಂಜಣ್ಣನವರ ಕಣ್ಣು ತುಂಬಿತು. ‘ನಮ್ಮಪ್ಪನಿಗೂ ಹಾಗೆ ತಾನೇ ಬಿಚ್ಚಿಡೋ ಅವಕಾಶ ಸಿಗಬೇಕಿತ್ತು’ ಎಂದರು.

ಹೋಲಿಕೆಯ ಅಳತೆಯನ್ನು ಮಾತ್ರ ಬದಲಿಸಿಕೊಳ್ಳಲು ಹೇಳಿದೆ. 210 ಕೆಜಿ ಎರಡು ವರ್ಷದ ಹಿಂದಿನ ಲೆಕ್ಕ, ಪುಸ್ತಕದಲ್ಲಿ ಗೌರವದಿಂದ ಇರಲಿ. ಇಂದಿನ ಲೆಕ್ಕವನ್ನು ಈ ವರ್ಷದ ಜನವರಿಯಿಂದ ಶುರು ಮಾಡಿ ಎಂದೆ. 50 ತುಂಬುವ ವರ್ಷದ ಜನವರಿ 1ರಿಂದಲೇ ಅವರು 50–59ರ ವಿಭಾಗಕ್ಕೆ ಸೇರುತ್ತಾರೆ. ಅದನ್ನು ನೆನೆದು ಕುಗ್ಗುತ್ತಿದ್ದವರಿಗೆ, ಆ ಗುಂಪಿನಲ್ಲಿ ನೀವೇ ಚಿಕ್ಕವರು ಅಲ್ವಾ ಎಂದು ನೆನಪಿಸಿದ್ದು ಮಗಳು.

ಏಳು ತಿಂಗಳ ಮೇಲೆ ಒಂದು ಸ್ಪರ್ಧೆಗೆ ಹೋದರು. ಡೆಡ್‌ಲಿಫ್ಟ್‌ನಲ್ಲಿ ಎರಡನೇ ಸಲ 197.5 ಎತ್ತಿದರು. ಮೂರನೆಯದಕ್ಕೆ 210 ಕೇಳುವ ಆಸೆ ಇತ್ತು, 202.5 ಕೇಳಿ ಎತ್ತಿದರು. ಒಟ್ಟು ಲೆಕ್ಕದಲ್ಲಿ ನಾಲ್ಕನೇ ಸ್ಥಾನ. ಬೆಂಚ್ ಪ್ರೆಸ್‌ನಲ್ಲಿ ಭುಜ ಕೈಕೊಟ್ಟಿತ್ತು.

ಭುಜ ಇನ್ನೂ ಪೂರ್ತಿ ಸರಿಹೋಗಿಲ್ಲ. ಹೋದ ವಾರ ಮೂಳೆ ವೈದ್ಯರು ಆರು ವಾರ ಬೆಂಚ್ ಪ್ರೆಸ್ ಮುಟ್ಟಬೇಡಿ, ಆಮೇಲೆ ನೋಡೋಣ ಎಂದಿದ್ದಾರೆ. ಅದನ್ನು ಹೇಳಲು ಮಂಜಣ್ಣ ಫೋನ್ ಮಾಡಿದರು. ಮೊದಲಾಗಿದ್ದರೆ ಇಂಥ ಮಾತಿಗೆ ದನಿ ಏರುತ್ತಿತ್ತು. ನಾನು ಏನೂ ಹೇಳದೆ ಕಾದೆ.

‘ಪುಸ್ತಕದಲ್ಲಿ ಬರ್ಕೊಂಡಿದೀನಿ ಮೇಡಂ’ ಎಂದರು. ‘ಭುಜ, ವಿಶ್ರಾಂತಿ, ಮೊದಲನೇ ವಾರ.’